ಸಿಟಿ ಕೌನ್ಸಿಲ್ ಬೆಂಬಲಿಸಿರುವ ಅರ್ಧ ಸೆಂಟ್ ಮಾರಾಟ ತೆರಿಗೆ: ನನ್ನ ಮೊದಲ ಮತ ಹೇಗಿರಬೇಕು?

ತುಂಗಾತೀರ:

ಕ್ಯಾಲಿಫೋರ್ನಿಯಾದಲ್ಲಿ ಬಹುಕಾಲದಿಂದ ಇರುವವರನ್ನು ಉದ್ದೇಶಿಸಿ ಕೇಳುತ್ತಿದ್ದೇನೆ. ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ (ಬೇ ಏರಿಯಾ) ಪೂರ್ವ ದಡದ ಒಂದು ಮಧ್ಯಮ ಗಾತ್ರದ ಊರಿನಲ್ಲಿ. ಕಳೆದ ವರ್ಷ ಪೌರತ್ವ ಸಿಕ್ಕಿತು. ನವೆಂಬರ್‌ನಲ್ಲಿ ಮೊದಲ ಬಾರಿಗೆ ಮತ ಹಾಕಲಿದ್ದೇನೆ. ದೊಡ್ಡ ಹುದ್ದೆಗಳಿಗೆ ಯಾರನ್ನು ಆರಿಸಬೇಕೆಂದು ನನಗೆ ಗೊಂದಲವಿಲ್ಲ. ನಿದ್ದೆ ಕೆಡಿಸಿರುವುದು ಮತಪತ್ರದ ಕೊನೆಯಲ್ಲಿ ಬರುವ ಊರಿನ ಮೆಷರ್, ಅಂದರೆ ಮತದಾರರೇ ಹೌದು ಅಥವಾ ಬೇಡ ಎನ್ನಬೇಕಾದ ಪ್ರಸ್ತಾವ: ಮಾರಾಟ ತೆರಿಗೆಯನ್ನು ಡಾಲರಿಗೆ ಅರ್ಧ ಸೆಂಟ್ ಏರಿಸುವುದು.

ಐವರು ಸದಸ್ಯರ ಸಿಟಿ ಕೌನ್ಸಿಲ್‌ನಲ್ಲಿ ನಾಲ್ವರು ಒಪ್ಪಿ, ಒಬ್ಬರು ವಿರೋಧಿಸಿ, ಈ ಮೆಷರ್ ಮತಪತ್ರ ಸೇರಿತು. ಆಮೇಲೆ ಕೌನ್ಸಿಲ್ ಇದನ್ನು ಬೆಂಬಲಿಸುತ್ತದೆ ಎಂದು ಇನ್ನೊಂದು ಠರಾವೂ ಆಯಿತು. ನಗರದ ಮುದ್ರೆಯಿರುವ ಒಂದು ಕರಪತ್ರ ಮನೆಗೆ ಬಂದಿದೆ. ಅಗ್ನಿಶಾಮಕ ದಳ ಬೇಗ ಬರಬೇಕು, ರಸ್ತೆಯ ಗುಂಡಿ ಮುಚ್ಚಬೇಕು, ಗ್ರಂಥಾಲಯ ಹೆಚ್ಚು ಹೊತ್ತು ತೆರೆದಿರಬೇಕು, ಮಕ್ಕಳ ಸಂಜೆ ಶಾಲೆ ಉಳಿಯಬೇಕು ಎಂಬ ಪಟ್ಟಿ ಅದರಲ್ಲಿದೆ. ಇವೆಲ್ಲವೂ ನನಗೆ ಬೇಕು. ಗ್ರಂಥಾಲಯ ಭಾನುವಾರ ಮುಚ್ಚತೊಡಗಿದ ಮೇಲೆ ನನ್ನ ಮಗಳಿಗಿಂತ ಹೆಚ್ಚು ಕಷ್ಟವಾಗಿರುವುದು ಮನೆಯಲ್ಲಿ ಇಂಟರ್ನೆಟ್ ಇಲ್ಲದ ಅವಳ ಗೆಳತಿಯರಿಗೆ. ಆದರೆ ಅದೇ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ‘ಸಾಮಾನ್ಯ ತೆರಿಗೆ’, ‘ಮತದಾರರು ಕೊನೆಗೊಳಿಸುವವರೆಗೆ’ ಜಾರಿಯಲ್ಲಿರುತ್ತದೆ ಎಂದಿದೆ. ಪಟ್ಟಿಯಲ್ಲಿ ಹೇಳಿದ್ದಕ್ಕೇ ಹಣ ಹೋಗುತ್ತದೆಯೇ ಎಂಬುದಕ್ಕೆ ಎಲ್ಲೂ ನೇರ ಉತ್ತರವಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿರುವ ಹೆಂಗಸು ನಾಲ್ಕಾರು ಮನೆಗಳನ್ನು ಸ್ವಚ್ಛಗೊಳಿಸಿ ಸಂಸಾರ ನಡೆಸುತ್ತಾರೆ. ಅವರಿಗೆ ಮತದಾನದ ಹಕ್ಕಿಲ್ಲ. ಮೊನ್ನೆ ಮೆಟ್ಟಿಲ ಬಳಿ ಸಿಕ್ಕಾಗ, ‘ನೀನು ಹೌದು ಎಂದರೆ ನಾನೂ ಕೊಡಬೇಕಲ್ಲವೇ?’ ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ಲೆಕ್ಕ ತಿಳಿಯಲು ಕೇಳಿದ್ದು. ಅವರಿಗೆ ಸರಿಯಾದ ಉತ್ತರ ಕೊಡದೆ ಮತ ಹಾಕಲು ನನಗೆ ಮನಸ್ಸಿಲ್ಲ.

ಕೌನ್ಸಿಲ್ ಹೀಗೆ ಒಂದು ಪಕ್ಷ ವಹಿಸಬಹುದೇ? ನಮ್ಮದೇ ದುಡ್ಡಿನಲ್ಲಿ ನಮ್ಮ ಮೇಲೆ ಪ್ರಚಾರ ಮಾಡಿದಂತಾಗುವುದಿಲ್ಲವೇ? ಅದರ ಬೆಂಬಲಕ್ಕೆ ಎಷ್ಟು ತೂಕ ಕೊಡಬೇಕು? ಒಳಗಿನ ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಸಾಗುವಾನಿ:

ನನ್ನ ಉತ್ತರ ‘ಬೇಡ’. ಎರಡು ಊರುಗಳ ಗಡಿಯಲ್ಲಿ ನನ್ನದೊಂದು ಪೀಠೋಪಕರಣದ ಅಂಗಡಿ ಇದೆ. ಮೂರು ಸಾವಿರ ಡಾಲರ್‌ನ ಊಟದ ಮೇಜು ಕೊಳ್ಳುವವರು ತೆರಿಗೆಯ ಸಾಲನ್ನು ನೋಡಿಯೇ ನೋಡುತ್ತಾರೆ. ರಸ್ತೆ ದಾಟಿದರೆ ದರ ಕಡಿಮೆ. ಅರ್ಧ ಸೆಂಟ್ ಎನ್ನುವುದು ಕೇಳಲು ಸಣ್ಣದು, ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಕೌಂಟಿ (ಇಲ್ಲಿಯ ಜಿಲ್ಲಾಡಳಿತ) ತನ್ನ ಪಾಲು ಹಾಕುತ್ತದೆ, ಸಾರಿಗೆ ಸಂಸ್ಥೆ ತನ್ನದು ಹಾಕುತ್ತದೆ. ಬಾರ್ಟ್, ಕ್ಯಾಲ್‌ಟ್ರೈನ್ ಮುಂತಾದ ಸಾರಿಗೆ ಸೇವೆಗಳಿಗಾಗಿ ಐದು ಕೌಂಟಿಗಳ ಮತದಾರರ ಮುಂದೆ ಹೊಸ ತೆರಿಗೆ ಇಡಲು ಅವಕಾಶ ಕೊಡುವ ಎಸ್‌ಬಿ 63 ಕಾನೂನು 2025ರಲ್ಲೇ ಆಗಿದೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಸೆಂಟ್, ಉಳಿದ ನಾಲ್ಕು ಕೌಂಟಿಗಳಲ್ಲಿ ಅರ್ಧ ಸೆಂಟ್, 14 ವರ್ಷಗಳ ಕಾಲ. ಪ್ರತಿಯೊಬ್ಬರೂ ತಮ್ಮ ಅರ್ಧವನ್ನು ಮಾತ್ರ ತೋರಿಸುತ್ತಾರೆ. ಒಟ್ಟು ಮೊತ್ತ ಕಾಣುವುದು ನನ್ನ ಬಿಲ್ಲಿನಲ್ಲಿ, ಅದಕ್ಕೆ ಗಿರಾಕಿಯ ಎದುರು ಉತ್ತರ ಹೇಳುವವನೂ ನಾನೇ.

ಕೌನ್ಸಿಲ್ ಸದಸ್ಯರ ಬಗ್ಗೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಆದರೆ ಖರ್ಚನ್ನು ಒಮ್ಮೆ ಕೂತು ಜರಡಿ ಹಿಡಿದ ಮೇಲೆ ನನ್ನ ಬಾಗಿಲಿಗೆ ಬರಲಿ.

ಜಮಾಖರ್ಚು:

ತುಂಗಾತೀರ ಅವರೇ, ನಾನು ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ನಗರದ ಹಣಕಾಸು ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಇಂಥ ಮೆಷರ್‌ಗಳ ಆದಾಯದ ಅಂದಾಜನ್ನು ತಯಾರಿಸಿದ್ದೇನೆ, ಬಂದ ಹಣ ಯಾವ ದಾರಿ ಹಿಡಿಯಿತೆಂಬುದನ್ನೂ ಕಂಡಿದ್ದೇನೆ. ನಿಮ್ಮ ಪ್ರಶ್ನೆಗಳಲ್ಲಿ ಕೆಲವಕ್ಕೆ ಬೇಗ ಉತ್ತರ ಹೇಳಬಹುದು, ಒಂದಕ್ಕೆ ಮಾತ್ರ ನಿಧಾನವಾಗಿ ಹೇಳಬೇಕು.

ಕೌನ್ಸಿಲ್ ಪಕ್ಷ ವಹಿಸಬಹುದು. ಬಹಿರಂಗ ಸಭೆಯಲ್ಲಿ, ಕಾರ್ಯಸೂಚಿಯಲ್ಲಿ ಸೇರಿಸಿ, ಜನರ ಮಾತು ಕೇಳಿ, ಬೆಂಬಲದ ಠರಾವು ಮಾಡಲು ಅದಕ್ಕೆ ಹಕ್ಕಿದೆ. ಸಾರ್ವಜನಿಕ ಹಣವನ್ನು ಪ್ರಚಾರಕ್ಕೆ ಬಳಸಲು ಹಕ್ಕಿಲ್ಲ. 1976ರಲ್ಲಿ ಸ್ಟ್ಯಾನ್ಸನ್ ವಿರುದ್ಧ ಮಾಟ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಎಳೆಯಿತು. 2009ರಲ್ಲಿ ಸಲಿನಾಸ್ ನಗರದ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಮೆಷರ್ ಗೆದ್ದರೆ ಏನು, ಸೋತರೆ ಏನು ಎಂಬ ಸಂಗತಿಯನ್ನು ಸಮಚಿತ್ತದಿಂದ ತಿಳಿಸಬಹುದು, ಪ್ರಚಾರದ ಧಾಟಿ ಹಿಡಿಯಬಾರದು. ಆದ್ದರಿಂದ ನಗರದ ಕರಪತ್ರದಲ್ಲಿ ‘ಹೌದು ಎಂದು ಮತ ಹಾಕಿ’ ಎಂದು ಕಂಡರೆ ಆಕ್ಷೇಪ ಎತ್ತಿ. ಬಣ್ಣಬಣ್ಣದ ಇನ್ನೊಂದು ಪತ್ರ ಬಂದು, ಅದರ ಕೆಳಗೆ ಒಂದು ಸಮಿತಿಯ ಹೆಸರಿದ್ದರೆ ಅದು ಖಾಸಗಿ ದುಡ್ಡು. ಆ ದುಡ್ಡು ಯಾರದೆಂದು ನೋಡಿ.

ನಾಲ್ಕಕ್ಕೆ ಒಂದು ಎಂಬುದು ದೊಡ್ಡ ಒಮ್ಮತದಂತೆ ಕಾಣಬಹುದು. ಆದರೆ ಸಾಮಾನ್ಯ ಮಾರಾಟ ತೆರಿಗೆಯನ್ನು ಮತಪತ್ರಕ್ಕೆ ಕಳುಹಿಸಲು ಕೌನ್ಸಿಲ್‌ನ ಮೂರನೇ ಎರಡರಷ್ಟು ಸದಸ್ಯರು ಒಪ್ಪಲೇಬೇಕು. ಐವರಿದ್ದಲ್ಲಿ ಅದು ನಾಲ್ಕು. ಅಂದರೆ ನಿಮ್ಮ ಊರಿನಲ್ಲಿ ಇನ್ನೊಂದು ಮತ ತಪ್ಪಿದ್ದರೆ ಈ ಮೆಷರ್ ಇರುತ್ತಲೇ ಇರಲಿಲ್ಲ. ಮತದಾರರ ಕೈಪಿಡಿಯಲ್ಲಿ ಪರ, ವಿರೋಧ ಎರಡೂ ವಾದಗಳು ಬರುತ್ತವೆ. ವಿರೋಧದ ವಾದಕ್ಕೆ ಯಾರ ಸಹಿಯಿದೆ, ಅವರು ತೆರಿಗೆಯನ್ನೇ ಬೇಡವೆನ್ನುತ್ತಾರೋ ಅಥವಾ ಈ ತೆರಿಗೆಯ ಬರವಣಿಗೆಯನ್ನು ಒಪ್ಪುವುದಿಲ್ಲವೋ, ಓದಿ ನೋಡಿ. ನಗರದ ವಕೀಲರ ನಿಷ್ಪಕ್ಷಪಾತ ವಿಶ್ಲೇಷಣೆಯನ್ನು ಜನ ಹಾರಿಸಿಬಿಡುತ್ತಾರೆ. ಇಡೀ ಕೈಪಿಡಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಪುಟ ಅದು.

ಊರುಗಳಿಗೆ ಈ ತೆರಿಗೆಯ ಮೇಲೆ ಇಷ್ಟು ಕಣ್ಣು ಏಕೆ? ರಾಜ್ಯದಾದ್ಯಂತ ಇರುವ ಮೂಲ ದರ 7.25%. ಅದರಲ್ಲಿ ಊರಿಗೆ ಬರುವುದು ಡಾಲರಿಗೆ ಸುಮಾರು ಒಂದು ಸೆಂಟ್. ಉಳಿದದ್ದು ರಾಜ್ಯಕ್ಕೆ, ಕೌಂಟಿಯ ಕಾರ್ಯಕ್ರಮಗಳಿಗೆ, ಸಾರಿಗೆಗೆ. ಮನೆ ತೆರಿಗೆಯನ್ನು 1978ರಲ್ಲಿ ರಾಜ್ಯದ ಮತದಾರರೇ ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನು ಕಟ್ಟಿಹಾಕಿದೆ: ಮೌಲ್ಯದ 1% ದರ, ಮನೆ ಕೈ ಬದಲಾಗುವವರೆಗೆ ಆ ಮೌಲ್ಯ ವರ್ಷಕ್ಕೆ 2%ಕ್ಕಿಂತ ಹೆಚ್ಚು ಏರುವಂತಿಲ್ಲ. ಅದರಲ್ಲೂ ಶಾಲೆ, ಕೌಂಟಿ ಎಲ್ಲರಿಗೂ ಪಾಲಿದೆ. ಆದರೆ ಊರೇ ಹಾಕಿಕೊಳ್ಳುವ ಈ ಹೆಚ್ಚುವರಿ ಅರ್ಧ ಸೆಂಟ್, ರಾಜ್ಯದ ತೆರಿಗೆ ಇಲಾಖೆಯ ವಸೂಲಿ ವೆಚ್ಚ ಕಳೆದು, ಪೂರ್ತಿ ಊರಿಗೇ ಬರುತ್ತದೆ. ಸಂಬಳ, ಪಿಂಚಣಿ, ವಿಮೆ ಏರುತ್ತಿರುವಾಗ ಕೌನ್ಸಿಲ್‌ನ ಕೈಗೆ ಎಟುಕುವ ಕೆಲವೇ ಕೊಂಬೆಗಳಲ್ಲಿ ಇದೊಂದು. ಸಾಗುವಾನಿ ಅವರ ಜರಡಿಯ ಮಾತು ನ್ಯಾಯವಾದದ್ದೇ. ಆದರೆ ಹೆಚ್ಚಿನ ಊರುಗಳಲ್ಲಿ ಸಾಮಾನ್ಯ ನಿಧಿಯ, ಅಂದರೆ ಯಾವ ಕೆಲಸಕ್ಕೂ ಬಳಸಬಹುದಾದ ಹಣದ, ದೊಡ್ಡ ಪಾಲು ಪೊಲೀಸ್ ಮತ್ತು ಅಗ್ನಿಶಾಮಕ ದಳಕ್ಕೆ ಹೋಗುತ್ತದೆ. ಜರಡಿಯಲ್ಲಿ ಮೊದಲು ಕೆಳಗೆ ಬೀಳುವುದು ಗ್ರಂಥಾಲಯ ಮತ್ತು ಉದ್ಯಾನ. ಇದನ್ನು ನಾನು ಮೇಜಿನ ಆ ಕಡೆ ಕುಳಿತು ನೋಡಿದ್ದೇನೆ, ನೋಡಿ ನೊಂದಿದ್ದೇನೆ.

ಇನ್ನು ನಿಧಾನವಾಗಿ ಹೇಳಬೇಕಾದದ್ದು. 1996ರ ಪ್ರೊಪೊಸಿಷನ್ 218ರ ಪ್ರಕಾರ ಊರಿನ ತೆರಿಗೆಗಳು ಎರಡೇ ಬಗೆ. ಸಾಮಾನ್ಯ ತೆರಿಗೆಗೆ ಸರಳ ಬಹುಮತ ಸಾಕು, ಹಣ ಸಾಮಾನ್ಯ ನಿಧಿಗೆ ಸೇರುತ್ತದೆ, ಮುಂದೆ ಅದನ್ನು ಹೇಗೆ ಹಂಚಬೇಕೆಂದು ಪ್ರತಿವರ್ಷದ ಬಜೆಟ್‌ನಲ್ಲಿ ಕೌನ್ಸಿಲ್ ನಿರ್ಧರಿಸುತ್ತದೆ. ವಿಶೇಷ ತೆರಿಗೆಯ ಹಣ ಹೇಳಿದ ಉದ್ದೇಶಕ್ಕೇ ಮೀಸಲು. ಆದರೆ ಕೌನ್ಸಿಲ್ ಅದನ್ನು ಮತಕ್ಕೆ ಹಾಕಿದರೆ ಮೂರನೇ ಎರಡರಷ್ಟು ಮತ ಬೇಕು. ಆ ಗೋಡೆ ಎಷ್ಟು ಎತ್ತರವೆಂದರೆ, 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸಾರಿಗೆ ತೆರಿಗೆಯನ್ನು ಮುಂದುವರಿಸುವ ಮೆಷರ್ ಜೆ 66%ಕ್ಕಿಂತ ಹೆಚ್ಚು ಮತ ಪಡೆದೂ ಸೋತಿತು. ಅದಕ್ಕೇ ಊರುಗಳು ಸಾಮಾನ್ಯ ತೆರಿಗೆಯನ್ನು ಆರಿಸಿಕೊಳ್ಳುತ್ತವೆ. ನಿಮ್ಮ ಕರಪತ್ರದ ಪಟ್ಟಿ ಸುಳ್ಳಲ್ಲ, ಆದರೆ ಅದು ಕೌನ್ಸಿಲ್‌ನ ಕೈ ಕಟ್ಟುವುದಿಲ್ಲ. ಸಣ್ಣ ಅಕ್ಷರದ ‘ಸಾಮಾನ್ಯ ತೆರಿಗೆ’ ಎಂಬುದೇ ಕಾನೂನು.

ಮೋಸ ನಡೆಯದೆಯೂ ನಿರಾಸೆ ಆಗುವ ಬಗೆ ಒಂದಿದೆ. ಹೊಸ ತೆರಿಗೆಯಿಂದ ಗ್ರಂಥಾಲಯಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತಾರೆ ಎನ್ನಿ. ಅದೇ ವರ್ಷ ಗ್ರಂಥಾಲಯಕ್ಕೆ ಮೊದಲಿನಿಂದ ಬರುತ್ತಿದ್ದ ಹಣದಲ್ಲಿ ಎಂಟು ಲಕ್ಷವನ್ನು ತೆಗೆದು ಪಿಂಚಣಿಯ ಕಂತಿಗೆ ಹಾಕುತ್ತಾರೆ. ಲೆಕ್ಕ ಪರಿಶೋಧಕರು ಬಂದು, ಹೊಸ ತೆರಿಗೆಯ ಪ್ರತಿ ಡಾಲರೂ ಗ್ರಂಥಾಲಯಕ್ಕೇ ಹೋಗಿದೆ ಎಂದು ಸಹಿ ಹಾಕುತ್ತಾರೆ. ಅದು ನಿಜವೂ ಹೌದು. ಆದರೆ ಓದುಗರಿಗೆ ಸಿಕ್ಕಿದ್ದು ಎರಡು ಲಕ್ಷ ಮಾತ್ರ. ಮೇಲ್ವಿಚಾರಣಾ ಸಮಿತಿ ಇದೆ ಎಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಆ ಸಮಿತಿ ಸಾಮಾನ್ಯವಾಗಿ ವರದಿ ಮಾಡುತ್ತದೆ, ತಡೆಯುವುದಿಲ್ಲ.

ಹಾಗಾದರೆ ಬೇಡ ಎನ್ನಬೇಕೇ? ನಾನು ಹಾಗೆ ಹೇಳುವುದಿಲ್ಲ. ಸ್ಟಾಕ್‌ಟನ್ ನಗರ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. 2013ರ ನವೆಂಬರ್‌ನಲ್ಲಿ ಅಲ್ಲಿಯ ಮತದಾರರು ಮುಕ್ಕಾಲು ಸೆಂಟ್ ಸಾಮಾನ್ಯ ತೆರಿಗೆಯನ್ನು ಒಪ್ಪಿದರು. ಜೊತೆಗೇ ಒಂದು ಸಲಹಾ ಮೆಷರ್, ಅಂದರೆ ಕೌನ್ಸಿಲ್‌ನ ಕೈ ಕಟ್ಟದೆ ಜನರ ಇಚ್ಛೆಯನ್ನಷ್ಟೇ ತಿಳಿಸುವ ಮೆಷರ್, ಕೂಡ ಇತ್ತು: ಬರುವ ಹಣದಲ್ಲಿ 65% ಕಾನೂನು ಸುವ್ಯವಸ್ಥೆಗೆ, ಉಳಿದದ್ದು ದಿವಾಳಿಯಿಂದ ಹೊರಬರಲು ಮತ್ತು ಸೇವೆಗಳಿಗೆ. 2015ರಲ್ಲಿ ನಗರ ದಿವಾಳಿತನದಿಂದ ಹೊರಬಂತು. 2008ರಲ್ಲಿ ದಿವಾಳಿಯಾಗಿದ್ದ ವಲೇಹೊದಲ್ಲಿ 2011ರಲ್ಲಿ ಒಂದು ಸೆಂಟ್ ತೆರಿಗೆ ಗೆದ್ದಿತು. ಮರುವರ್ಷ ಆ ಊರು ಆ ಹಣದ ಒಂದು ಭಾಗವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ನಿವಾಸಿಗಳೇ ಮತ ಹಾಕಿ ತೀರ್ಮಾನಿಸುವ ಪದ್ಧತಿಯನ್ನು ತಂದಿತು. ಇಡೀ ನಗರಕ್ಕೆ ಅನ್ವಯವಾಗುವಂತೆ ಇದನ್ನು ಮಾಡಿದ್ದು ಅಮೆರಿಕದಲ್ಲಿ ಅದೇ ಮೊದಲು. ಹೀಗೆ ಸಾಮಾನ್ಯ ತೆರಿಗೆಗೂ ದಾರಿ ತೋರಿಸಬಹುದು.

ನಿಮ್ಮ ಊರಿನಲ್ಲಿ ಸಲಹಾ ಮೆಷರ್ ಇಲ್ಲ, ಈಗ ಸೇರಿಸಲು ಸಮಯವೂ ಇಲ್ಲ. ಆದರೆ ಚುನಾವಣೆಗೆ ಮೊದಲೇ ಕೌನ್ಸಿಲ್ ಒಂದು ಬಜೆಟ್ ನೀತಿಯ ಠರಾವು ಮಾಡಬಹುದು: ಗ್ರಂಥಾಲಯಕ್ಕೆ, ಸಂಜೆ ಶಾಲೆಗೆ, ರಸ್ತೆಗೆ ಈ ವರ್ಷ ಸಾಮಾನ್ಯ ನಿಧಿಯಿಂದ ಕೊಡುತ್ತಿರುವುದು ಇಷ್ಟು, ಹೊಸ ಹಣ ಇದರ ಮೇಲೆ ಬರುತ್ತದೆ, ಇದರ ಬದಲಿಗೆ ಅಲ್ಲ. ಮುಂದಿನ ಕೌನ್ಸಿಲ್ ಅದನ್ನು ಬದಲಿಸಬಹುದು, ನಿಜ. ಆದರೆ ಬಹಿರಂಗವಾಗಿ ಕೈ ಎತ್ತಿ ಬದಲಿಸಬೇಕಾಗುತ್ತದೆ. ಕೌನ್ಸಿಲ್‌ನ ಬೆಂಬಲಕ್ಕೆ ಎಷ್ಟು ತೂಕ ಎಂದು ಕೇಳಿದಿರಿ. ಈ ಅಂಕಿಗಳನ್ನು ಬರೆದುಕೊಡಲು ಒಪ್ಪಿದರೆ ಬಹಳ ತೂಕ, ಒಪ್ಪದಿದ್ದರೆ ಅದು ಬರೀ ಹಾರೈಕೆ.

ನೇರಳೆಮರ:

ಜಮಾಖರ್ಚು ಅವರು ಬಿಟ್ಟದ್ದನ್ನು ನಾನು ಸೇರಿಸುತ್ತೇನೆ, ಏಕೆಂದರೆ ತುಂಗಾತೀರ ಅವರ ಕೆಳಮನೆಯ ಹೆಂಗಸಿನ ಪ್ರಶ್ನೆಯೇ ನನಗೆ ಮುಖ್ಯ. ಮಾರಾಟ ತೆರಿಗೆ ಬಡವರ ಆದಾಯದಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ, ಇದನ್ನು ಯಾರೂ ಮುಚ್ಚಿಡಬಾರದು. ಬಂದ ಸಂಬಳವೆಲ್ಲ ಖರ್ಚಾಗುವ ಮನೆಗೂ, ಅರ್ಧ ಉಳಿಯುವ ಮನೆಗೂ ಅಂಗಡಿಯಲ್ಲಿ ಒಂದೇ ದರ.

ಆದರೆ ಎಲ್ಲದಕ್ಕೂ ತೆರಿಗೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಅಡುಗೆ ಮಾಡಲು ಕೊಳ್ಳುವ ಅಕ್ಕಿ, ಬೇಳೆ, ಹಾಲು, ತರಕಾರಿಗೆ ಮಾರಾಟ ತೆರಿಗೆ ಇಲ್ಲ. ಮನೆ ಬಾಡಿಗೆಗೆ ಇಲ್ಲ. ವೈದ್ಯರ ಚೀಟಿಯ ಔಷಧಿಗೆ ಇಲ್ಲ. 2020ರ ಜನವರಿಯಿಂದ ಡೈಪರ್‌ಗೆ, ಮುಟ್ಟಿನ ಪ್ಯಾಡ್‌ಗೆ ಇಲ್ಲ. ತೆರಿಗೆ ಬೀಳುವುದು ಬಟ್ಟೆ, ಚಪ್ಪಲಿ, ಸಾಬೂನು, ಫೋನ್, ಪೆಟ್ರೋಲ್, ಹೋಟೆಲಿನ ಬಿಸಿ ಊಟ, ವಾಹನಗಳ ಮೇಲೆ. ಪರಿಚಿತರಿಂದ ಆರು ಸಾವಿರಕ್ಕೆ ಹಳೆಯ ಕಾರು ಕೊಂಡರೂ ನೋಂದಣಿಯ ಹೊತ್ತಿಗೆ ತೆರಿಗೆ ಕಟ್ಟಬೇಕು. ಅರ್ಧ ಸೆಂಟ್ ಎಂದರೆ ಅಲ್ಲಿ ಮೂವತ್ತು ಡಾಲರ್ ಹೆಚ್ಚು. ವರ್ಷಕ್ಕೆ ಎಂಟು ಸಾವಿರ ಡಾಲರ್‌ನಷ್ಟು ತೆರಿಗೆ ಬೀಳುವ ಸಾಮಾನು ಕೊಳ್ಳುವ ಮನೆಗೆ ನಲವತ್ತು ಡಾಲರ್. ಆ ಹೆಂಗಸಿಗೆ ಈ ಲೆಕ್ಕವನ್ನು ಅವರ ಮನೆಯ ಖರ್ಚಿಗೆ ಹೊಂದಿಸಿ ಹೇಳಿ. ನಲವತ್ತು ಡಾಲರ್ ಏನೂ ಅಲ್ಲ ಎಂದು ಮಾತ್ರ ಹೇಳಬೇಡಿ. ಅದು ಏನು ಎಂಬುದು ಅವರಿಗೆ ಗೊತ್ತು.

ಸಾಗುವಾನಿ ಅಣ್ಣ, ನಿಮಗೂ ಒಂದು ಮಾತು. ಮೇಜನ್ನು ಗಿರಾಕಿಯ ಮನೆಗೆ ತಲುಪಿಸಿ ಕೊಟ್ಟರೆ ಊರಿನ ಈ ಹೆಚ್ಚುವರಿ ತೆರಿಗೆ ಸಾಮಾನ್ಯವಾಗಿ ತಲುಪಿಸಿದ ಊರಿನದು ಅನ್ವಯವಾಗುತ್ತದೆ, ಅಂಗಡಿಯ ಊರಿನದಲ್ಲ. ಕಾರಿಗೂ ಹಾಗೆಯೇ, ನೋಂದಣಿಯ ವಿಳಾಸ ಮುಖ್ಯ. ಆದ್ದರಿಂದ ರಸ್ತೆ ದಾಟಿ ಉಳಿತಾಯ ಮಾಡುವುದು ಕೈಯಲ್ಲಿ ಹೊತ್ತೊಯ್ಯುವ ಸಾಮಾನಿಗೆ ಮಾತ್ರ ನಡೆಯುತ್ತದೆ.

ಸಾಗುವಾನಿ:

ತಲುಪಿಸುವ ಸಾಮಾನಿನ ಮಾತು ಸರಿ, ನಾವು ವಿಳಾಸ ನೋಡಿಯೇ ತೆರಿಗೆ ಹಾಕುತ್ತೇವೆ. ಆದರೆ ಕುರ್ಚಿ, ದೀಪ, ಚಿಕ್ಕ ಕಪಾಟುಗಳನ್ನು ಜನ ತಾವೇ ಒಯ್ಯುತ್ತಾರೆ. ನನ್ನ ಅಂಗಡಿಯ ಬಾಡಿಗೆ ಹುಟ್ಟುವುದು ಅವುಗಳಿಂದಲೇ. ನನ್ನ ವಿರೋಧ ಹಾಗೆಯೇ ಇದೆ. ಆದರೂ ಆ ಬಜೆಟ್ ಠರಾವಿನ ಮಾತು ನನಗೆ ಹಿಡಿಸಿತು. ತೆರಿಗೆ ಬಂದೇ ಬರುವುದಾದರೆ ನಮ್ಮ ಬೀದಿಯ ರಸ್ತೆಯ ಅಂಕಿಯೂ ಅದರಲ್ಲಿರಲಿ.

ತುಂಗಾತೀರ:

ಎಲ್ಲರಿಗೂ ವಂದನೆಗಳು. ಜಮಾಖರ್ಚು ಸರ್, ನೀವು ಹೇಳಿದಂತೆ ವಕೀಲರ ವಿಶ್ಲೇಷಣೆಯನ್ನು ಓದಿದೆ. ವಿರೋಧದ ವಾದಕ್ಕೆ ಸಹಿ ಹಾಕಿದವರಲ್ಲಿ ಕೌನ್ಸಿಲ್‌ನ ಆ ಒಬ್ಬ ಸದಸ್ಯೆಯೂ ಇದ್ದಾರೆ. ಅವರ ತಕರಾರು ತೆರಿಗೆಗಲ್ಲ, ಅವಧಿಗೆ. ಹತ್ತು ವರ್ಷವೆಂದು ಬರೆದಿದ್ದರೆ ಒಪ್ಪುತ್ತಿದ್ದೆ ಎಂದಿದ್ದಾರೆ.

ನಗರದ ಬಜೆಟ್ ಪುಸ್ತಕದಿಂದ ಗ್ರಂಥಾಲಯದ ಮತ್ತು ಸಂಜೆ ಶಾಲೆಯ ಈ ವರ್ಷದ ಅಂಕಿಗಳನ್ನು ಬರೆದುಕೊಂಡು ಕಳೆದ ಸಭೆಗೆ ಹೋದೆ. ಮಾತನಾಡಲು ಎರಡು ನಿಮಿಷ ಕೊಟ್ಟರು. ಈ ಎರಡು ಅಂಕಿಗಳಿಗಿಂತ ಕೆಳಗೆ ಇಳಿಯುವುದಿಲ್ಲ ಎಂದು ಚುನಾವಣೆಗೆ ಮೊದಲೇ ಠರಾವು ಮಾಡಿ, ನೀವು ಜನರಿಂದ ಬೆಂಬಲ ಕೇಳುತ್ತಿದ್ದೀರಿ, ನಾವು ನಿಮ್ಮಿಂದ ಬರವಣಿಗೆ ಕೇಳುತ್ತಿದ್ದೇವೆ ಎಂದೆ. ಕೆಳಮನೆಯವರು ಮಗನನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಆಮೇಲೆ ತಾವೇ ಎದ್ದು ಸ್ಪ್ಯಾನಿಷ್‌ನಲ್ಲಿ ಮಾತನಾಡಿದರು. ತಾನು ನಲವತ್ತು ಡಾಲರ್ ಕೊಡಲು ಸಿದ್ಧ, ಸಂಜೆ ಶಾಲೆ ಆರು ಗಂಟೆಯವರೆಗೆ ಇರಬೇಕು, ಏಕೆಂದರೆ ತನ್ನ ಬಸ್ಸು ಐದೂವರೆಗೆ ಬರುತ್ತದೆ ಎಂದರು. ಅನುವಾದಕರು ಅದನ್ನು ಹೇಳುವಾಗ ಸಭೆಯಲ್ಲಿ ಯಾರೂ ಮೊಬೈಲ್ ನೋಡುತ್ತಿರಲಿಲ್ಲ.

ಮೇಯರ್ ಉತ್ತರ ಕೊಡಲಿಲ್ಲ, ವಂದನೆ ಹೇಳಿ ಮುಂದೆ ಹೋದರು. ನನಗೆ ಬೇಸರವಾಯಿತು. ಆದರೆ ಸಭೆಯ ಕೊನೆಯಲ್ಲಿ, ಮೆಷರ್ ಪರ ಮತ ಹಾಕಿದ್ದ ಒಬ್ಬ ಸದಸ್ಯರು ಈ ವಿಷಯವನ್ನು ಮುಂದಿನ ಕಾರ್ಯಸೂಚಿಗೆ ತರಬೇಕೆಂದು ಕೇಳಿದರು. ವಿರೋಧಿಸಿದ್ದ ಸದಸ್ಯೆ ಅದಕ್ಕೆ ದನಿಗೂಡಿಸಿದರು. ಠರಾವು ಬಂದರೆ ನಾನು ಹೌದು ಎನ್ನುತ್ತೇನೆ. ಬರದಿದ್ದರೆ ಏನು ಮಾಡಬೇಕೆಂಬುದು ಇನ್ನೂ ನಿರ್ಧಾರವಾಗಿಲ್ಲ. ಅವಧಿಯಿಲ್ಲದ ತೆರಿಗೆಯನ್ನು ಆಮೇಲೆ ತೆಗೆಯಲು ನಿಜವಾಗಿಯೂ ದಾರಿಯಿದೆಯೇ?

ಜಮಾಖರ್ಚು:

ಮೇಯರ್ ಸುಮ್ಮನಿದ್ದುದಕ್ಕೆ ಬೇಸರ ಬೇಡ. ಕಾರ್ಯಸೂಚಿಯಲ್ಲಿಲ್ಲದ ವಿಷಯವನ್ನು ಅಲ್ಲೇ ಚರ್ಚಿಸಿ ತೀರ್ಮಾನಿಸಲು ಬಹಿರಂಗ ಸಭೆಗಳಿಗೆ ಸಂಬಂಧಿಸಿದ ರಾಜ್ಯದ ಬ್ರೌನ್ ಕಾಯಿದೆ ಬಿಡುವುದಿಲ್ಲ. ಸದಸ್ಯರೊಬ್ಬರು ಕಾರ್ಯಸೂಚಿಗೆ ತರಲು ಕೇಳಿದರಲ್ಲ, ಆ ಸಂಜೆ ಕಾನೂನಿನೊಳಗೆ ಸಿಗಬಹುದಾದ ಒಳ್ಳೆಯ ಉತ್ತರ ಅದೇ.

ದಾರಿ ಇದೆ. ಪ್ರೊಪೊಸಿಷನ್ 218ರಡಿ ಊರಿನ ತೆರಿಗೆಯನ್ನು ಇಳಿಸಲು ಅಥವಾ ರದ್ದುಪಡಿಸಲು ಮತದಾರರೇ ಸಹಿ ಸಂಗ್ರಹಿಸಿ ಮೆಷರ್ ತರಬಹುದು. ಆದರೆ ಸಹಿ ಸಂಗ್ರಹಕ್ಕೆ ಜನ ಬೇಕು, ದುಡ್ಡು ಬೇಕು. ಹತ್ತು ವರ್ಷಕ್ಕೆಂದು ಬರೆದ ತೆರಿಗೆ ಇನ್ನೂ ಬೇಕೆಂದರೆ ಕೌನ್ಸಿಲ್ ತಾನಾಗಿ ಮತ್ತೆ ನಿಮ್ಮ ಮುಂದೆ ಬರಬೇಕಾಗುತ್ತದೆ. ವಲೇಹೊದ ತೆರಿಗೆ ಮೊದಲು ಹತ್ತು ವರ್ಷಕ್ಕೆಂದು ಬಂದು, 2016ರಲ್ಲಿ ಮತದಾರರ ಒಪ್ಪಿಗೆಯಿಂದಲೇ ಕಾಯಂ ಆಯಿತು. ಹಾಗಾಗಿ ಆ ಸದಸ್ಯೆಯ ತಕರಾರಿನಲ್ಲಿ ತೂಕವಿದೆ. ನಾನು ನಿಮ್ಮ ಊರಿನಲ್ಲಿದ್ದರೆ ಠರಾವಿನಲ್ಲಿ ಇನ್ನೊಂದು ಸಾಲು ಕೇಳುತ್ತಿದ್ದೆ: ಐದನೆಯ ವರ್ಷದಲ್ಲಿ ಈ ತೆರಿಗೆಯ ಬಗ್ಗೆ ಬಹಿರಂಗ ವಿಚಾರಣೆ ನಡೆಸಿ, ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನು ಮತ್ತೆ ಮತಪತ್ರಕ್ಕೆ ಕಳುಹಿಸುವ ಬಗ್ಗೆ ಕೌನ್ಸಿಲ್ ಮತ ಹಾಕಬೇಕು ಎಂದು.

ಸಾಗುವಾನಿ ಅವರೇ, ನವೆಂಬರ್‌ನಲ್ಲಿ ಗೆದ್ದರೆ ಹೊಸ ದರ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ. ಬಿಲ್ಲಿನ ಯಂತ್ರವನ್ನು ಅಷ್ಟರೊಳಗೆ ಸರಿಪಡಿಸಿಕೊಳ್ಳಿ. ಮುಂದಿನ ಸಭೆಗೆ ನೀವೂ ರಸ್ತೆಯ ಅಂಕಿ ಹಿಡಿದು ಹೋಗಿ. ತೆರಿಗೆಯನ್ನು ವಿರೋಧಿಸುವ ವ್ಯಾಪಾರಿಯೇ ಬಂದು ಬಜೆಟ್ ಠರಾವು ಕೇಳಿದರೆ ಕೌನ್ಸಿಲ್ ಅದನ್ನು ಪಕ್ಕಕ್ಕಿಡುವುದು ಕಷ್ಟ.